ಗಿಟಾರಿನ ಕುಲ ಕೇಳುತ್ತಿದ್ದ ಮಾಮಾ

ಶಿಲ್ಲಾಂಗಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕೆಂದವರು ಮೊದಲು ದುಡ್ಡು ಹೊಂದಿಸುತ್ತಿದ್ದರು, ಆಮೇಲೆ ನನ್ನ ಸೋದರಮಾವನನ್ನು ಹುಡುಕುತ್ತಿದ್ದರು. ಹುಡುಕುವುದೇನೂ ಕಷ್ಟವಿರಲಿಲ್ಲ. ಮಾವ್ಲಾಯ್‌ನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಪ್ಪು ಹಳದಿ ಕಾರುಗಳ ಸಾಲಿನ ಪಕ್ಕ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಯಾರಿಗಾದರೂ ಬುದ್ಧಿ ಹೇಳುತ್ತ ನಿಂತ ಕುಳ್ಳ ಮನುಷ್ಯನೇ ಸ್ಟೆಡ್ಲಿ ಖೋಂಗ್‌ವೀರ್. ಊರಿಗೆಲ್ಲ ಅವನು ಬಾ ಸ್ಟೆಡ್ಲಿ, ಅಂದರೆ ಸ್ಟೆಡ್ಲಿ ಅಣ್ಣ. ನನಗೆ ಮಾಮಾ.

ಅವನ ಬೆರಳಿಗೆ ಮೂರು ನಾಲ್ಕು ಹಾಡಿಗಿಂತ ಹೆಚ್ಚು ಬರುತ್ತಿರಲಿಲ್ಲ, ಬರುತ್ತಿದ್ದವೂ ಕೇಳುವ ಹಾಗಿರಲಿಲ್ಲ. ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಗಿಟಾರ್ ಯಾವುದು ಎಂದು ಹೇಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಗೋಡೆಗೆ ನೇತುಹಾಕಿದ ಹೊಳೆಯುವ ಗಿಟಾರುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಬಣ್ಣ ಪಕ್ಕದ ಮನೆಯವರಿಗೆ, ಕುತ್ತಿಗೆ ನಿನಗೆ," ಎನ್ನುತ್ತಿದ್ದ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ, ಹೆಸರೇ ಅಳಿಸಿಹೋದ ಯಾವುದೋ ಹಳೆಯ ಜಪಾನಿ ಗಿಟಾರನ್ನು ಎತ್ತಿಕೊಂಡು, ಬಡಗಿ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡುತ್ತಿದ್ದ. ತಂತಿಯನ್ನು ಮೇಲಿನಿಂದ ಕೆಳಗಿನವರೆಗೆ ಒತ್ತುತ್ತ ಬಂದು ಎಲ್ಲಾದರೂ ಗರಗರ ಅನ್ನುತ್ತದೆಯೋ ಕೇಳುತ್ತಿದ್ದ. ತಲೆ ಕುತ್ತಿಗೆ ಸೇರುವಲ್ಲಿ ಬಿರುಕಿಗೆ ಅಂಟು ಹಾಕಿದ್ದಾರೆಯೇ ಎಂದು ಉಗುರಿನಿಂದ ಕೆರೆಯುತ್ತಿದ್ದ. ಕೊನೆಗೆ ಅದರ ಕೊಂಬನ್ನು ಹಲ್ಲಿಗೆ ಒತ್ತಿ ಹಿಡಿದು ಒಂದೊಂದೇ ತಂತಿ ಮೀಟುತ್ತಿದ್ದ. ಮರ ಸತ್ತಿದೆಯೋ ಬದುಕಿದೆಯೋ ಹಲ್ಲಿಗೆ ಗೊತ್ತಾಗುತ್ತದಂತೆ. ಸದ್ದು ಹೆಚ್ಚಿಸುವ ಆಂಪಿಗೆ ಸಿಕ್ಕಿಸುವುದು ಇದೆಲ್ಲ ಮುಗಿದ ಮೇಲೆ. "ಆಂಪಿಗೆ ಹಾಕಿದ್ರೆ ಕತ್ತೆನೂ ಕೋಗಿಲೆನೇ," ಎಂದು ಅಂಗಡಿಯವನ ಮುಖದ ಮೇಲೇ ಹೇಳುತ್ತಿದ್ದ. ಪೊಲೀಸ್ ಬಜಾರಿನ ಅಂಗಡಿಯವರಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಹಳೆಯ ಗಿಟಾರಾದರೆ ಇನ್ನೊಂದು ಪ್ರಶ್ನೆ ಇರಲೇಬೇಕು. "ಇದು ಯಾವ ಕುಲದ್ದು?" ನಮ್ಮ ಖಾಸಿ ಜನರಲ್ಲಿ ಇಬ್ಬರು ಹೊಸಬರು ಕಲೆತರೆ ಮೊದಲು ಬರುವ ಮಾತೇ ಅದು. ಕುಲ ತಾಯಿಯಿಂದ ಬರುವುದು. ಇಬ್ಬರದೂ ಒಂದೇ ಕುಲವೆಂದು ಗೊತ್ತಾದರೆ ಆ ಗಳಿಗೆಯಿಂದ ಅವರು ಅಕ್ಕ ತಮ್ಮ, ಅವರ ನಡುವೆ ಅನುಮಾನಕ್ಕೆ ಜಾಗವಿಲ್ಲ. ಮಾಮಾ ಅದನ್ನು ಗಿಟಾರಿಗೂ ಕೇಳುತ್ತಿದ್ದ. "ಕುಲ ಹೇಳೋಕೆ ಬರ್ದೇ ಇರೋ ಗಿಟಾರ್ ಕದ್ದಿದ್ದಿರ್ಬೇಕು. ಇಲ್ಲಾ ಯಾರೋ ಅಳ್ತಾ ಮಾರಿರ್ಬೇಕು. ಎರಡೂ ಬೇಡ. ಅಂಥದು ಮನೇಲಿ ನೆಟ್ಟಗಿರಲ್ಲ." ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನಗೊಂದು ಗಿಟಾರ್ ಬೇಕಾದದ್ದು ನಮ್ಮ ಮಾಂಸದನ್ನದ ಹೆಸರಿಟ್ಟುಕೊಂಡ ಬ್ಲ್ಯಾಕ್ ಜಾದೋ ಎಂಬ ಬ್ಯಾಂಡ್ ಸೇರಲಿಕ್ಕೆ. ನಾಲ್ವರು ಹೆಂಗಸರ ಗುಂಪು ಅದು. ಅವರ ಗಿಟಾರಿನವಳು ಮದುವೆಯಾಗಿ ಗುವಾಹಟಿ ಸೇರಿದ್ದಳು. ಗುಂಪನ್ನು ನಡೆಸುತ್ತಿದ್ದದ್ದು ಡ್ರಮ್ ಬಾರಿಸುವ ಪ್ರಿಮ್‌ರೋಸ್, ಮಾತಿನಲ್ಲೂ ಡ್ರಮ್ಮೇ. ನಾನು ಬಾರಿಸುವುದನ್ನು ಕೇಳಿ ಅವಳು ಹೇಳಿದ್ದು ಇಷ್ಟು: "ರಿಸಾಲಿನ್, ಕೈ ಚೆನ್ನಾಗಿದೆ ಕಣೇ. ಆದ್ರೆ ಆ ಸೌದೆ ತುಂಡು ಹಿಡ್ಕೊಂಡು ನನ್ನ ಸ್ಟೇಜ್ ಹತ್ಬೇಡ. ಕ್ರಿಸ್ಮಸ್ ಕಾರ್ಯಕ್ರಮಗಳು ಶುರುವಾಗೋ ಮುಂಚೆ ಒಂದು ಮರ್ಯಾದಸ್ಥ ಗಿಟಾರ್ ತಗೊಂಡ್ಬಾ. ಇಲ್ಲಾ ಅಂದ್ರೆ ಜೋವಾಯ್‌ನವಳೊಬ್ಳು ಕಾಯ್ತಾ ಇದಾಳೆ."

ಸೌದೆ ತುಂಡು ಎಂದದ್ದು ಸುಳ್ಳಲ್ಲ. ನನ್ನ ಗಿಟಾರಿನ ಕುತ್ತಿಗೆ ತಿರುಚಿಹೋಗಿ, ಅರ್ಧಕ್ಕಿಂತ ಮೇಲೆ ಹೋದರೆ ಎಲ್ಲ ಸ್ವರವೂ ಕೆಮ್ಮುತ್ತಿತ್ತು. ನಾನು ಮೂವತ್ತು ದಾಟಿದವಳು, ಶಾಲೆಯ ಸಮವಸ್ತ್ರ ಹೊಲಿದು ಬದುಕುವವಳು. ಕಿರಿಮಗಳಾದ್ದರಿಂದ ಅಮ್ಮ ಹೋದ ಮೇಲೆ ಮನೆ, ಮನೆಯ ದೇವರು, ಸತ್ತವರ ಕಾರ್ಯ ಎಲ್ಲ ನನ್ನ ಹೆಗಲಿಗೆ ಬಂದಿದ್ದವು. ಆ ಹೆಗಲ ಮೇಲೆ ನನ್ನ ಇಷ್ಟಕ್ಕೆಂದು ತೂಗುಹಾಕಿಕೊಂಡದ್ದು ಗಿಟಾರ್ ಒಂದೇ. ಈ ಅವಕಾಶ ತಪ್ಪಿದರೆ ಇನ್ನು ನನ್ನನ್ನು ಕರೆಯುವವರಿಲ್ಲ ಎಂದು ನನಗೆ ಗೊತ್ತಿತ್ತು, ಮಾಮಾನಿಗೂ ಗೊತ್ತಿತ್ತು.

ಹಾಗೆಂದು ಅವನು ಹಿಡಿತ ಸಡಿಲಿಸಲಿಲ್ಲ. ತನ್ನ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಒಂದರ ಕುತ್ತಿಗೆ ಬಿಲ್ಲು, ಒಂದರ ಗುಂಡಿ ತಿರುಗಿಸಿದರೆ ಎಣ್ಣೆಗೆ ಒಗ್ಗರಣೆ ಬಿದ್ದ ಸದ್ದು, ಇನ್ನೊಂದಕ್ಕೆ ಎಲ್ಲ ಸರಿಯಿದ್ದರೂ ದುಡ್ಡೆಲ್ಲ ಹೆಸರಿಗೇ ಹೋಗುತ್ತದೆ. ನಾನು ಸಿಟ್ಟಾದೆ.

"ನಿಂಗೆ ಒಪ್ಪಿಗೆಯಾಗೋ ಗಿಟಾರ್ ಮಾಡೋನು ಇನ್ನೂ ಹುಟ್ಟಿಲ್ಲ ಮಾಮಾ."

"ಹುಟ್ಟಿ ಸತ್ತಿರ್ತಾನೆ. ಅದಕ್ಕೇ ಹಳೇದು ಹುಡುಕ್ತಿರೋದು. ಸುಮ್ನೆ ಕೂತ್ಕೋ."

ಆಗ ಅವನ ಕಾರು ಹತ್ತಿದ ಯಾರೋ ಇಬ್ಬರು ಹುಡುಗರು ಲಬಾನ್‌ನ ವಿಧವೆಯೊಬ್ಬಳ ವಿಷಯ ಮಾತಾಡಿಕೊಂಡರಂತೆ. ಅವಳ ಹತ್ತಿರ ಹಳೆಯ ಜಪಾನಿ ಗಿಟಾರ್ ಇದೆ, ರತ್ನದಂಥದ್ದು, ಆದರೆ ಬೆಲೆ ಕೇಳಿದರೆ ಆಕಾಶ ತೋರಿಸುತ್ತಾಳೆ ಎಂದು. ಆಕಾಶ ಎಷ್ಟು ಎತ್ತರದಲ್ಲಿದೆ ನೋಡಿಯೇ ಬಿಡೋಣ ಎಂದು ಮಾಮಾ ನನ್ನನ್ನು ಕರೆದುಕೊಂಡು ಹೋದ.

ಬಾಗಿಲನ್ನು ಅರ್ಧ ತೆರೆದವಳು ನನ್ನ ವಯಸ್ಸಿನವಳೇ, ಥೇಲಿನ್ ಎಂದು ಹೆಸರು. ಗಿಟಾರಿನ ಮಾತೆತ್ತಿದೊಡನೆ ಅವಳು ಬೆಲೆ ಹೇಳಲಿಲ್ಲ, ಒಳಗೂ ಕರೆಯಲಿಲ್ಲ.

"ಯಾವ ಕುಲ ನಿಮ್ದು?"

"ಖೋಂಗ್‌ವೀರ್," ಎಂದ ಮಾಮಾ.

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನಾನೂ ಖೋಂಗ್‌ವೀರ್," ಎಂದಳು.

ಅಷ್ಟೇ. ಮಾಮಾನ ಮುಖ ಅರಳಿತು. ಅವಳು ಅವನಿಗೆ ತಂಗಿಯಾದಳು, ಒಂದೇ ವಯಸ್ಸಾದರೂ ನನಗೆ ಚಿಕ್ಕಮ್ಮನಾದಳು. ಕೆಂಪು ಚಹಾ ಬಂತು, ಅಕ್ಕಿಹಿಟ್ಟಿನ ಸಿಹಿರೊಟ್ಟಿ ಬಂತು, ಎಲೆಯಡಿಕೆ ಬಂತು. ಯಾವ ಅಜ್ಜಿಯ ಕವಲು, ಯಾವ ಊರಿನಿಂದ ಬಂದವರು ಎಂದು ಮಾತು ಹರಿಯಿತು. ಗಿಟಾರಿನ ಕುಲ ಕೇಳುವ ಪ್ರಶ್ನೆಯೇ ಬರಲಿಲ್ಲ. ಅದು ನಮ್ಮದೇ ಕುಲದ ಮನೆಯಲ್ಲಿದೆಯಲ್ಲ!

ಅವಳು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟು, ತಾನು ತೆರೆಯದೆ ಹಿಂದೆ ಸರಿದಳು. ಮಾಮಾ ತೆರೆದ. ಗಾಢ ಕೆಂಪು ಬಣ್ಣ, ಮೊಣಕೈ ತಾಗುವಲ್ಲಿ ಮರ ಕಾಣುವಷ್ಟು ಸವೆದಿತ್ತು. ಅವನು ಹೆಬ್ಬೆರಳನ್ನು ಆರೂ ತಂತಿಗಳ ಮೇಲೆ ಎಳೆದ. ವಿಚಿತ್ರ ಸದ್ದು ಬಂತು. ಸ್ವರ ಎರಡು ಮೆಟ್ಟಿಲು ಇಳಿದು, ಒಂದು ಹತ್ತಿ, ಮತ್ತೆ ಇಳಿದು, ಕೊನೆಗೆ ಎಳೆದು ನಿಂತ ಹಾಗೆ. "ಶ್ರುತಿ ಬಿದ್ದೋಗಿದೆ. ಮಲಗಿ ಬಹಳ ದಿನ ಆಗಿದೆಯಲ್ಲ," ಎಂದ. ಆಮೇಲೆ ಕಣ್ಣಿಟ್ಟು ನೋಡಿದ, ಕೆರೆದ, ಹಲ್ಲಿಗೆ ಒತ್ತಿಕೊಂಡ. ದಾನಕ್ಕೆ ಬಂದ ಹಸುವಿನ ಹಲ್ಲನ್ನೂ ಎಣಿಸುವ ಮನುಷ್ಯ ಅವನು. ಏನೂ ಸಿಗಲಿಲ್ಲ. ನನ್ನ ಕಡೆ ತಿರುಗಿದಾಗ ಅವನ ಕಣ್ಣು ತೇವವಾಗಿತ್ತು. "ರಿಸಾ, ಇಂಥದ್ದು ಜನ್ಮಕ್ಕೊಂದ್ಸಲ ಸಿಗತ್ತೆ," ಎಂದು ಪಿಸುಗುಟ್ಟಿದ.

ಥೇಲಿನ್ ಹೇಳಿದ ಬೆಲೆ ಕೇಳಿ ನನಗೇ ನಾಚಿಕೆಯಾಯಿತು. ನನ್ನ ಸೌದೆ ತುಂಡಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ. ಬೇರೆ ಯಾರಾದರೂ ಅಷ್ಟು ಕಡಿಮೆ ಹೇಳಿದ್ದರೆ ಮಾಮಾ ಕಾರಿನ ಕೀಲಿ ಎತ್ತಿಕೊಂಡು ಎದ್ದುಬಿಡುತ್ತಿದ್ದ. ಆ ದಿನ ಅವನೆಂದದ್ದು, "ಕುಲದವರು ಅಂದ್ರೆ ಇದು ನೋಡು."

ಮನೆಗೆ ತಂದು ತಂತಿಗಳನ್ನು ಸರಿಯಾದ ಶ್ರುತಿಗೆ ಏರಿಸಿದೆ. ಬಾರಿಸಿದೆ. ಏನು ಹೇಳಲಿ, ಕೈ ನನ್ನದೇ, ದನಿ ಮಾತ್ರ ನಾನು ಆಸೆಪಟ್ಟದ್ದು. ಪಕ್ಕದ ಮನೆಯ ಮುದುಕ, ಯಾವಾಗಲೂ ಗೋಡೆ ಗುದ್ದುವವನು, ಅವತ್ತು ಗುದ್ದಲಿಲ್ಲ. ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ಹೆಬ್ಬೆರಳು ಎಳೆದರೆ ಮತ್ತೆ ಅದೇ. ಇಳಿದು, ಹತ್ತಿ, ಇಳಿದು, ಎಳೆದು ನಿಲ್ಲುವುದು.

"ತಂತಿ ಹಳೇದು," ಎಂದ ಮಾಮಾ. ಹೊಸದು ಹಾಕಿದೆವು. ಮರುದಿನ ಅದೇ. "ಗಾಳೀಲಿ ತೇವ." ಒಲೆಯ ಪಕ್ಕ ಇಟ್ಟೆ. ಅದೇ. "ಬಿರಡೆ ಸವೆದಿದೆ." ಬಿರಡೆಗಳನ್ನೇ ಬದಲಾಯಿಸಿದ. ಅದೇ. ತಂತಿ ಸಡಿಲವಾಗುವುದು ಲೋಕದಲ್ಲಿ ಇದ್ದದ್ದೇ. ಆದರೆ ಒಂದು ತಂತಿ ಇಷ್ಟು, ಇನ್ನೊಂದು ಅಷ್ಟು, ಮೂರನೆಯದು ಸಡಿಲವಾಗುವ ಬದಲು ಬಿಗಿ. ದಿನವೂ ಒಂದೇ ಲೆಕ್ಕದಲ್ಲಿ. ಅದೂ ಮುಚ್ಚಿದ ಪೆಟ್ಟಿಗೆಯೊಳಗೆ. ಮಾಮಾ ಅದನ್ನು ಹೆಂಡತಿಯ ಮನೆಗೆ ಒಯ್ದು, ತನ್ನ ಮಂಚದ ಕೆಳಗಿಟ್ಟು ನೋಡಿದ. ಬೆಳಿಗ್ಗೆ ಗಡ್ಡ ಕೂಡ ಹೆರೆಯದೆ ನನ್ನ ಬಾಗಿಲಿಗೆ ಬಂದ. "ತಗೋ. ನಿಮ್ಮತ್ತೆ ಇದನ್ನ ಅವಳ ಮನೇಲಿ ಇಡ್ಬೇಡ ಅಂತಾಳೆ," ಎಂದ. ಅತ್ತೆ ಹೇಳಿದ್ದೋ ಇವನೇ ಹೆದರಿದ್ದೋ ನಾನು ಕೇಳಲಿಲ್ಲ.

ಅದನ್ನು ನಾನು ಕಣ್ಣಾರೆ ಕಂಡದ್ದು ಹಗಲಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ. ಕಿಟಕಿಯ ಬಳಿ ಕೂತು ಕಾಲರ್ ಹೊಲಿಯುತ್ತಿದ್ದೆ. ಆಗಷ್ಟೇ ಶ್ರುತಿ ಮಾಡಿದ ಗಿಟಾರ್ ಮಂಚದ ಮೇಲಿತ್ತು. ಹೊಲಿಗೆ ಯಂತ್ರ ನಿಲ್ಲಿಸಿದೆ, ದಾರ ಕಚ್ಚಲಿಕ್ಕೆ. ಆ ನಿಶ್ಶಬ್ದದಲ್ಲಿ ಮಂಚದ ಕಡೆಯಿಂದ ಸಣ್ಣ ಕಿರಕಿರ ಕೇಳಿಸಿತು. ಒಣಗಿದ ಬಾಗಿಲು ನಿಧಾನ ತೆರೆದ ಹಾಗೆ. ನೋಡಿದರೆ ಬಿರಡೆಗಳು ತಿರುಗುತ್ತಿದ್ದವು. ಒಂದಾದ ಮೇಲೆ ಒಂದು, ಅವಸರವಿಲ್ಲದೆ, ಕಿವಿಗೊಟ್ಟು ಕೇಳುತ್ತ ತಿರುಗಿಸುವವನ ಹಾಗೆ ಸ್ವಲ್ಪ ಮುಂದೆ ಹೋಗಿ, ಹೆಚ್ಚಾಯಿತೆಂದು ಸ್ವಲ್ಪ ಹಿಂದೆ ಬಂದು. ಕೊನೆಯದು ನಿಂತ ಮೇಲೆ ಆರೂ ತಂತಿಗಳು ತಾವಾಗಿಯೇ ಒಮ್ಮೆ ನಡುಗಿದವು. ನಾನು ಬಾಯಲ್ಲಿ ದಾರ ಕಚ್ಚಿಕೊಂಡೇ ಕೂತಿದ್ದೆ. ಹೆದರಿದ್ದೆ, ಆದರೆ ಹೆದರಿಕೆಗಿಂತ ಹೆಚ್ಚಾಗಿ ನನಗೆ ಬಂದದ್ದು ಕೋಪ. ಕೈಗೆ ಬಂದ ತುತ್ತನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ, ಅವರ ಮುಖವೂ ಕಾಣುತ್ತಿಲ್ಲ.

ಬ್ಲ್ಯಾಕ್ ಜಾದೋದ ಅಭ್ಯಾಸಕ್ಕೆ ಹೋದಾಗ ಎರಡನೆಯ ಹಾಡಿನ ನಡುವೆ ಅದು ಹಾಗೇ ಮಾಡಿತು. ನನ್ನ ಬೆರಳು ಸರಿಯಾದ ಜಾಗದಲ್ಲಿತ್ತು, ಆಂಪಿನಿಂದ ಬಂದದ್ದು ಬೇರೆ ಯಾರದೋ ಹಾಡು. ಎಲ್ಲರೂ ನಿಲ್ಲಿಸಿದರು.

"ಗಿಟಾರ್ ಸರಿಯಿಲ್ಲ," ಎಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ," ಎಂದಳು ಪ್ರಿಮ್‌ರೋಸ್. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ಶನಿವಾರ ಕೊನೇ ಸಲ. ಅದಾದ್ಮೇಲೆ ಜೋವಾಯ್‌ನವಳಿಗೆ ಹೇಳ್ತೀನಿ. ಬೇಜಾರ್ ಮಾಡ್ಕೋಬೇಡ."

ಮಾಮಾ ಮತ್ತು ನಾನು ನೇರ ಲಬಾನ್‌ಗೆ ಹೋದೆವು. ಥೇಲಿನ್ ನಮ್ಮನ್ನು ಕಂಡು ಆಶ್ಚರ್ಯಪಡಲಿಲ್ಲ. ಚಹಾಕ್ಕೆ ನೀರಿಟ್ಟು ಬಂದು ಕೂತಳು.

"ಹಾಡ್ತಾ ಇದೆಯಾ?" ಎಂದು ಕೇಳಿದಳು.

ಮಾಮಾ ಅವಳನ್ನೇ ನೋಡಿದ. "ತಂಗೀ, ಅದನ್ನ ಬಾರಿಸ್ತಿದ್ದೋರು ಯಾರು?"

"ನನ್ನ ಗಂಡ. ಬನ್‌ಶಾಯ್ ಸೊಹ್‌ತುನ್."

ಮಾಮಾ ಅಂಗೈಯಿಂದ ಹಣೆ ಚಚ್ಚಿಕೊಂಡ. ಜೀವಮಾನವೆಲ್ಲ ಕುಲ ಕೇಳಿದವನು ಆ ದಿನ ಮನೆಯ ಕುಲ ಕೇಳಿ ಸುಮ್ಮನಾಗಿಬಿಟ್ಟಿದ್ದ, ಬಾರಿಸಿದ ಕೈಯ ಕುಲ ಕೇಳಿರಲಿಲ್ಲ. ನಮ್ಮಲ್ಲಿ ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಬರುತ್ತಾನೆ, ಆದರೆ ಅವನು ಆ ಮನೆಯವನಲ್ಲ. ಸತ್ತರೆ ಅವನನ್ನು ತಾಯಿಯ ಮನೆಗೆ ಹಿಂದಿರುಗಿಸಬೇಕು, ಅವನ ಮೂಳೆ ಅವನ ಕುಲದ ಕಲ್ಲುಗೂಡಿಗೆ ಸೇರಬೇಕು. ಹಿಂದಿರುಗಿಸುವುದು ಹೆಂಡತಿಯ ಕುಲದವರ ಹೊಣೆ. ಸೊಹ್‌ತುನ್‌ನ ಗಿಟಾರನ್ನು ಖೋಂಗ್‌ವೀರ್‌ಗಳು ಖೋಂಗ್‌ವೀರ್‌ಗಳಿಂದ ಕೊಂಡಿದ್ದೆವು.

ಥೇಲಿನ್ ನೆಲ ನೋಡುತ್ತ ಹೇಳಿದಳು. ಅವನು ಸೊಹ್ರಾ ದಾರಿಯ ಕೆಳಗೆ, ಕಣಿವೆಯ ಊರಿನವನು. ಒಂದು ದಿನ ಬೆಳಿಗ್ಗೆ ತಂತಿಗಳನ್ನು ಇದೇ ಶ್ರುತಿಗೆ ಕೂರಿಸಿಕೊಂಡು, ಅಮ್ಮ ಕರೀತಿದಾಳೆ, ಹೋಗ್ಬೇಕು ಎಂದನಂತೆ. ಹೊರಗೆ ಎದುರಿನ ಮನೆ ಕಾಣದಷ್ಟು ಮಂಜು. ಇವಳು ಬೇಡವೆಂದಳು. ಮಾತು ಬೆಳೆಯಿತು. "ಗಿಟಾರ್ ಬಿಟ್ಟು ಅವ್ನು ಅಂಗಡಿಗೂ ಹೋಗ್ತಿರ್ಲಿಲ್ಲ. ಬಚ್ಚಿಟ್ರೆ ಹೋಗಲ್ಲ ಅಂದ್ಕೊಂಡೆ. ಬಚ್ಚಿಟ್ಟೆ. ಬೈಕ್ ಹತ್ತಿ ಹಾಗೇ ಹೋಗ್ಬಿಟ್ಟ." ಬೈಕು ಒಂದು ತಿರುವಿನಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ, ಕಮರಿಯ ತಳದವರೆಗೆ ಹುಡುಕಿದರೂ. ಆಮೇಲೆ ಈ ಪೆಟ್ಟಿಗೆಯೊಳಗೆ ಇದು ಶುರುವಾಯಿತು.

"ಅವ್ರಮ್ಮನ ಹತ್ರ ಯಾಕೆ ಹೋಗ್ಲಿಲ್ಲ ನೀನು?" ಎಂದೆ. ನನ್ನ ದನಿ ಒರಟಾಗಿತ್ತು.

"ಹೋದೆ. ಅವರೂರಿಗೆ ಇಳಿಯೋ ಮೆಟ್ಟಿಲ ಹತ್ರ ಹೋಗಿ ವಾಪಸ್ ಬಂದೆ. ಅವಳು ಕೂಗ್ತಿದ್ಲು. ನನ್ನ ಕೈಲಿ ಇಳಿಯೋಕಾಗ್ಲಿಲ್ಲ. ನನಗೆ ಅಕ್ಕ ತಂಗಿ ಯಾರೂ ಇಲ್ಲ. ಖೋಂಗ್‌ವೀರ್ ಯಾರಾದ್ರೂ ಬರ್ಲಿ ಅಂತ ಕಾಯ್ತಿದ್ದೆ. ಬೇರೆಯವ್ರಿಗೆ ಬಾಯಿಗೆ ಬಂದ ಬೆಲೆ ಹೇಳಿ ಕಳಿಸ್ದೆ."

ಅಂದರೆ ನನಗೆ ಅಗ್ಗವಾದದ್ದು ಗಿಟಾರಲ್ಲ. ಅವಳ ಹೊಣೆಯನ್ನು ನಾನು ದುಡ್ಡು ಕೊಟ್ಟು ಕೊಂಡುಕೊಂಡಿದ್ದೆ. ಕಾರಿನಲ್ಲಿ ಮಾಮಾನ ಮೇಲೆ ಹರಿಹಾಯ್ದೆ.

"ನಾನು ಕೊಡಲ್ಲ. ಕೇಳಿಸ್ತಾ? ದುಡ್ಡು ಕೊಟ್ಟಿದೀನಿ. ನನ್ನ ಗಿಟಾರ್ ಅದು."

"ಕೊಡು ಅಂತ ಯಾರಂದ್ರು? ಹೋಗಿ ಆ ಅಜ್ಜಿನ ಕೇಳೋಣ. ಅವಳು ಕರೆಯೋದು ನಿಲ್ಸಿದ್ರೆ ಇದೂ ನಿಲ್ಸತ್ತೇನೋ. ಆಗ ನಿಂದೇ."

ಆ ಆಸೆಯ ಮೇಲೆ ಹೊರಟೆ. ದಾರಿಯುದ್ದಕ್ಕೂ ಮುದುಕಿಗೆ ಹೇಳಬೇಕಾದ ಮಾತನ್ನು ಉರು ಹೊಡೆಯುತ್ತಿದ್ದೆ. ರಸ್ತೆ ಮುಗಿದ ಕಡೆ ಕಾರು ನಿಲ್ಲಿಸಿ, ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲಿನ ಮೆಟ್ಟಿಲು ಇಳಿಯತೊಡಗಿದೆವು. ಮಧ್ಯಾಹ್ನವಿನ್ನೂ ಆಗಿರಲಿಲ್ಲ. ಬಿಸಿಲು ಮೇಲೆಯೇ ಉಳಿದು, ನಾವು ಮಂಜಿನೊಳಕ್ಕೆ ಇಳಿದೆವು. ಹಕ್ಕಿ ಕೂಡ ಕೂಗುತ್ತಿರಲಿಲ್ಲ.

ಆಗ ಕೆಳಗಿನಿಂದ ಒಂದು ಹೆಣ್ಣು ದನಿ ಎದ್ದು ಬಂತು. ಮಾತಿಲ್ಲ, ಬರೀ ರಾಗ. ಇಳಿದು, ಹತ್ತಿ, ಇಳಿದು, ಎಳೆದು ನಿಂತಿತು.

ಆ ಕಣಿವೆಯ ಊರುಗಳಲ್ಲಿ ಮಗು ಹುಟ್ಟಿದರೆ ತಾಯಿ ಅದಕ್ಕೊಂದು ರಾಗ ಕಟ್ಟುತ್ತಾಳೆಂದು ಪಟ್ಟಣದ ನಮಗೂ ಕೇಳಿ ಗೊತ್ತಿತ್ತು. ಕಾಡಿನಲ್ಲಿ ಹೆಸರು ಹಿಡಿದು ಕೂಗಿದರೆ ಕೇಳಬಾರದವರೂ ಕೇಳಿಸಿಕೊಳ್ಳುತ್ತಾರೆ. ರಾಗಕ್ಕೆ ತಿರುಗುವುದು ಆ ಮಗು ಒಂದೇ. ಇನ್ನೊಬ್ಬರಿಗೆ ಆ ರಾಗ ಇಡುವುದಿಲ್ಲ, ಸತ್ತ ಮೇಲೆ ಯಾರೂ ಹಾಡುವುದೂ ಇಲ್ಲ. ಕೇಳಿ ತಿಳಿಯುವುದು ಬೇರೆ. ನನ್ನ ಬೆನ್ನ ಮೇಲೆ, ಮುಚ್ಚಿದ ಪೆಟ್ಟಿಗೆಯೊಳಗೆ, ಆರೂ ತಂತಿಗಳು ಒಂದಾದ ಮೇಲೊಂದರಂತೆ ಆ ರಾಗಕ್ಕೆ ಓಗೊಟ್ಟವು. ಬೆನ್ನುಮೂಳೆಗೆ ಅದು ತಾಗಿತು. ನಾನು ಪೆಟ್ಟಿಗೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

"ಮಾಮಾ, ವಾಪಸ್ ಹೋಗೋಣ."

ಅವನ ತುಟಿ ಬಿಳಿಚಿತ್ತು. "ಹೋಗ್ಬಹುದು," ಎಂದ. "ಆದ್ರೆ ಬೆನ್ನ ಮೇಲಿರೋನು ಬರ್ತಾನಾ ಕೇಳು."

ಇಳಿದೆವು. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಪೊರಕೆ ಹುಲ್ಲು ಕಟ್ಟುತ್ತಿದ್ದಳು. ತಲೆ ಎತ್ತಿ ನಮ್ಮಿಬ್ಬರನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಲಿಲ್ಲ.

"ಯಾವ ಕುಲ ಮಕ್ಳೇ?"

ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬೇರೊಂದು ಕುಲದ ಹೆಸರು ಬಂದೂ ಇತ್ತು. "ಖೋಂಗ್‌ವೀರ್," ಎಂದೆ.

ಹುಲ್ಲನ್ನು ಪಕ್ಕಕ್ಕಿಟ್ಟಳು. "ಹಾಗಾದ್ರೆ ಕರ್ಕೊಂಡು ಬಂದಿದೀರಿ."

ಉರು ಹೊಡೆದ ಮಾತನ್ನು ಅಲ್ಲೇ ನಿಂತು ಒಪ್ಪಿಸಿಬಿಟ್ಟೆ. ಅಜ್ಜೀ, ನೀವು ಕರೆಯೋದು ನಿಲ್ಸಿ, ನಾನು ಇದನ್ನು ದುಡ್ಡು ಕೊಟ್ಟು ತಗೊಂಡಿದೀನಿ, ನನಗೂ ಇದು ಬೇಕು, ನನ್ನ ಬದುಕಿನಲ್ಲಿ ಬೇರೇನೂ ಇಲ್ಲ ಎಂದೆ. ಅವಳು ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ.

"ಸತ್ತೋರನ್ನ ನಾವು ಕರೆಯಲ್ಲ ಮಗಾ. ನನ್ನ ಮಗ ಸತ್ತ ಅಂತ ಯಾರೂ ನನ್ನ ಕೈಗೆ ತಂದ್ಕೊಟ್ಟಿಲ್ಲವಲ್ಲ. ಕೊಡೋ ತನಕ ಅವ್ನು ದಾರೀಲಿರೋನು. ದಾರೀಲಿರೋನ್ನ ಕರೀದೆ ಹೇಗಿರ್ಲಿ?"

ಮಾಮಾನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ್ದ. ಹೆಣ್ಣು ಒಪ್ಪಿಸಬೇಕಾದದ್ದನ್ನು ಗಂಡಸು ಒಪ್ಪಿಸಲಾರ, ಹೇಳಿಕೊಡಲೂ ಬಾರದು. ಪೆಟ್ಟಿಗೆಯನ್ನು ಬೆನ್ನಿನಿಂದ ಇಳಿಸಿ ಅವಳ ಮುಂದಿಟ್ಟೆ. ಅಮ್ಮನಿಂದ ಕಲಿತ ಮಾತು ತಾನಾಗಿ ಬಾಯಿಗೆ ಬಂತು. "ನಿಮ್ಮ ಮನೆಯಿಂದ ಕರ್ಕೊಂಡು ಹೋಗಿದ್ವಿ. ನಿಮ್ಮ ಮನೆಗೆ ತಂದು ಬಿಡ್ತಿದೀವಿ."

"ತಂತಿ ಬಿಚ್ಚು," ಎಂದಳು ಮುದುಕಿ. "ನೀನೇ ಬಿಚ್ಬೇಕು."

ಕೆಳಗಿನ ತಂತಿಯಿಂದ ಶುರುಮಾಡಿದೆ. ಬಿರಡೆ ತಿರುಗಿಸಿದಂತೆ ತಂತಿ ಸೋಲುತ್ತ, ಅದರ ದನಿ ಕೆಳಕ್ಕೆ ಕೆಳಕ್ಕೆ ಹೋಗಿ ಉಸಿರಿನಷ್ಟಾಗಿ ನಿಂತಿತು. ಮುದುಕಿ ಕಣ್ಣು ಮುಚ್ಚಿಕೊಂಡು ಮತ್ತೆ ರಾಗ ಎತ್ತಿದಳು, ಈ ಸಲ ಮೆಲ್ಲಗೆ, ತೊಟ್ಟಿಲ ಪಕ್ಕದಲ್ಲಿ ಕೂತು ಹಾಡುವಷ್ಟು ಮೆಲ್ಲಗೆ. ನಾನು ಬಿಚ್ಚಿದ ತಂತಿಯ ಸ್ವರ ಅವಳ ಹಾಡಿನಲ್ಲಿ ಇರಲಿಲ್ಲ. ಇನ್ನೊಂದು ಬಿಚ್ಚಿದೆ. ಮತ್ತೆ ಹಾಡಿದಳು, ಇನ್ನೊಂದು ಸ್ವರ ಕಳೆದಿತ್ತು. ಅದು ಇರಬೇಕಾದ ಕಡೆ ಅವಳ ತುಟಿ ಸುಮ್ಮನೆ ಅಲುಗುತ್ತಿತ್ತು. ಹಾಗೇ ರಾಗ ಕರಗುತ್ತ ಬಂದು ಎಳೆದು ನಿಲ್ಲುವ ಒಂದು ಸ್ವರ ಮಾತ್ರ ಉಳಿಯಿತು. ನನ್ನ ಕೈ ನಿಂತಿತು. ಜಗಲಿಯ ಆಚೆ, ಮೆಟ್ಟಿಲ ಕಡೆ, ಯಾರೋ ನಿಂತಿದ್ದಾರೆ ಅನಿಸಿತು. ಮಾಮಾನಿಗೂ ಅನಿಸಿರಬೇಕು, ಅವನು ಎದ್ದು ಗೋಡೆಗೆ ಒರಗಿ ದಾರಿ ಬಿಟ್ಟು ನಿಂತ.

ಕೊನೆಯ ತಂತಿಯನ್ನೂ ಬಿಚ್ಚಿದೆ. ಮುದುಕಿ ಬಾಯಿ ತೆರೆದಳು. ಏನೂ ಬರಲಿಲ್ಲ.

"ಈಗ ಸತ್ತ," ಎಂದಳು. ಆಮೇಲೆ ಎದೆ ಬಡಿದುಕೊಂಡು, ಊರಿಗೆ ಊರೇ ಓಡಿ ಬರುವಂತೆ ಅತ್ತಳು.

ನೆರೆಯವರು ಬಂದರು. ಸಿಗದ ದೇಹದ ಬದಲಿಗೆ ಗಿಟಾರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದರು, ಮೇಲೆ ಕವಡೆ ಇಟ್ಟರು, ಎಲೆಯಡಿಕೆ ಇಟ್ಟರು. ಸೊಹ್‌ತುನ್‌ಗಳ ಕಲ್ಲುಗೂಡಿನ ಬಾಯಿ ತೆಗೆದು ಒಳಗಿರಿಸಿ ಮುಚ್ಚಿದರು. ನನ್ನ ಕಣ್ಣೆದುರಿಗೇ. ಜನ್ಮಕ್ಕೊಮ್ಮೆ ಸಿಗುವಂಥದ್ದು ಎಂದು ಮಾಮಾ ಹೇಳಿದ್ದ ಗಿಟಾರು ಅದು.

ವಾಪಸ್ ಮೆಟ್ಟಿಲು ಹತ್ತುವಾಗ ಬೆನ್ನು ಹಗುರವಾಗಿತ್ತು, ಅದನ್ನೇ ನನಗೆ ತಡೆಯಲಾಗಲಿಲ್ಲ. ಅರ್ಧ ದಾರಿಯಲ್ಲಿ ಕೂತು ಗೋಳೋ ಎಂದು ಅತ್ತೆ. ಸತ್ತವನಿಗಾಗಿ ಅಲ್ಲ, ಮುದುಕಿಗಾಗಿ ಅಲ್ಲ, ಗಿಟಾರಿಗಾಗಿ. ಬ್ಲ್ಯಾಕ್ ಜಾದೋಗಾಗಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಶನಿವಾರ ಜೋವಾಯ್‌ನವಳು ನನ್ನ ಜಾಗಕ್ಕೆ ಬಂದಳು, ಇವತ್ತಿಗೂ ಅಲ್ಲೇ ಇದ್ದಾಳೆ, ಚೆನ್ನಾಗಿಯೂ ಬಾರಿಸುತ್ತಾಳೆ.

ಮಾಮಾ ಕೆಳಗಿನ ಮೆಟ್ಟಿಲ ಮೇಲೆ ಕೂತು ನನ್ನ ಅಳು ಸ್ವಲ್ಪ ಇಳಿಯುವವರೆಗೂ ಕಾದ. ಸಮಾಧಾನ ಮಾಡಲಿಲ್ಲ. ಬೇರೆ ಗಿಟಾರ್ ಹುಡುಕಿಕೊಡುತ್ತೇನೆ ಎಂದೂ ಹೇಳಲಿಲ್ಲ, ಅಂಥ ಸುಳ್ಳು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಕೊನೆಗೆ ಮೊಣಕಾಲು ಹಿಡಿದುಕೊಂಡು ಎದ್ದ.

"ಅಳು. ಅತ್ತಷ್ಟೂ ಒಳ್ಳೇದೇ," ಎಂದ. "ಆದ್ರೆ ಒಂದ್ಮಾತು ನೆನಪಿಟ್ಕೋ ರಿಸಾ. ನಾಳೆ ನನ್ನನ್ನೂ ನಿಮ್ಮತ್ತೆ ಕಡೆಯವ್ರು ಹೀಗೇ ತಂದು ನಿನ್ನ ಬಾಗಿಲಲ್ಲಿ ಇಡ್ತಾರೆ. ಅವತ್ತು ಒಂದು ಗಿಟಾರಿಗೆ ಅತ್ತಿದ್ದಕ್ಕಿಂತ ಕಮ್ಮಿ ಅಳ್ಬೇಡ ಮಾರಾಯ್ತಿ. ಜನ ಏನಂದ್ಕೊಂಡಾರು?"

ಹೋದ ಚಳಿಗಾಲದಲ್ಲಿ ಅವನನ್ನು ತಂದಿಟ್ಟರು. ಕಮ್ಮಿಯಾಗಲಿಲ್ಲ.